ಅಂಟಿಲ್ಲದ ಟೀ

ಅಧ್ಯಕ್ಷಪೀಠದಲ್ಲಿ ಬೋರಲಾಗಿ ಕೂತಿರುವ ಬಕೆಟ್ಟೇ, ತಿರುವಿನ ಪಂಡಿತರಾದ ಎಲ್ಬೋಗಳೇ, ಒಂದು ನೀರನ್ನು ಎರಡು ದಾರಿಗೆ ಹಂಚುವ ಟೀಗಳೇ, ಸದಾ ಜೋಡಿ ಬಯಸುವ ಕಪ್ಲಿಂಗುಗಳೇ, ಇವರನ್ನೆಲ್ಲ ನನಗೆ ಪರಿಚಯಿಸಿದ ಪ್ರೀತಿಯ ಸೋದರಮಾವನವರೇ,

ತಾವು ಪೈಪಿನ ಕೆಲಸ ಬಿಟ್ಟ ಸಂದರ್ಭದಲ್ಲಿ ನಾಲ್ಕು ಮಾತು. ಎದುರು ನಿಂತರೆ ಬಾಯಿ ಬಾರದು, ಅದಕ್ಕೇ ಈ ಕಾಗದ.

ಕನ್ನಡ ಬಿ.ಎ. ಮುಗಿಸಿ ಬೀದಿ ಅಳೆಯುತ್ತಿದ್ದವನ ಕೈಗೆ ಗರಗಸ ಕೊಟ್ಟವರು ನೀವು. "ಪ್ರಾಸ ಕೂರಿಸೋಕೆ ಬರುತ್ತಲ್ಲ, ಪೈಪೂ ಕೂರುತ್ತೆ ಬಾರೋ ಕವಿ" ಅಂದಿರಿ. ವರ್ಷದೊಳಗೆ ನನ್ನ ಚಟ ನಿಮಗೂ ತಗುಲಿ, ಗಿರಾಕಿಗಳ ಮುಂದೆಯೇ "ಎಲ್ಬೋ ತಿರುಗಿಸುತ್ತೆ, ಟೀ ಹರಿಸುತ್ತೆ, ನಮ್ಮ ಕವಿ ಮುಟ್ಟಿದ್ದು ಸುರಿಸುತ್ತೆ" ಎಂದು ಹಾಡುತ್ತಿದ್ದಿರಿ.

ನಿಮ್ಮ ಪಾಠ ಒಂದೇ. ಮೊದಲು ಅಂಟಿಲ್ಲದೆ ಎಲ್ಲವನ್ನೂ ಜೋಡಿಸಿ ಅಳತೆ ನೋಡು. ಆಮೇಲೆ ಒಂದೊಂದೇ ಬಿಚ್ಚಿ ಅಂಟು ಹಚ್ಚು, ಕೂರಿಸು, ಮೂವತ್ತು ಎಣಿಸು, ಕೊನೆಗೆ ಅಂಟಾಯಿತೆಂಬ ಗುರುತಿಗೆ ಪೆನ್ಸಿಲ್ಲಿನಿಂದ ಗೆರೆ ಎಳೆ. ಗೆರೆ ಬಿದ್ದ ಕೀಲನ್ನು ನಮ್ಮಲ್ಲಿ ಯಾರೂ ಮತ್ತೆ ಮುಟ್ಟುವುದಿಲ್ಲ.

ಹೋದ ತಿಂಗಳು, ನಾವು ಪೈಪು ಹಾಕಿದ್ದ ಟೀಚರಮ್ಮನ ಹೊಸ ಮನೆಯ ಬಚ್ಚಲುಗೋಡೆ ನೆನೆದು ಉಬ್ಬಿತು. ನೀರು ಬಿಟ್ಟು ಪರೀಕ್ಷಿಸಿದ ದಿನ ಬಿಗಿಯಾಗಿ ನಿಂತಿದ್ದ ಟೀ, ಎರಡೇ ವಾರಕ್ಕೆ ಕಳಚಿಕೊಂಡಿತ್ತು. ಟೈಲ್ಸ್ ಒಡೆದು ಅದನ್ನು ಹೊರತೆಗೆದ ನೀವು ಒಳಗೆ ಬೆರಳಾಡಿಸಿದಿರಿ. ಅಂಟಿನ ಕುರುಹೇ ಇಲ್ಲ.

"ಗೆರೆ ಐತೆ, ಅಂಟಿಲ್ಲ. ನಾನೇ ಹಚ್ಚಿದೆ ಅಂದ್ಕೊಂಡಿದ್ದೆ. ತಲೆ ಕೈಕೊಡ್ತಾ ಐತೆ ಕಣೋ," ಅಂದಿರಿ. ಟೀಚರಮ್ಮನಿಗೂ ತಪ್ಪು ನಿಮ್ಮದೇ ಅಂದಿರಿ. ಮರುದಿನವೇ ಸಲಕರಣೆಗಳನ್ನೆಲ್ಲ ಗೋಣಿಯಲ್ಲಿ ಸುತ್ತಿ ನನಗೆ ಒಪ್ಪಿಸಿದಿರಿ.

ಈಗ ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತೀರಂತೆ. ಮಾತ್ರೆ ನುಂಗಿದೆನಾ ಎಂದು ಅತ್ತೆಯನ್ನು ಕೇಳುತ್ತೀರಂತೆ. ದಾರಿ ತಪ್ಪಿದರೆ ಎಂಬ ಭಯಕ್ಕೆ ಬೀದಿಯ ಕೊನೆಯ ಅಂಗಡಿಗೂ ಒಬ್ಬರೇ ಹೋಗುವುದಿಲ್ಲವಂತೆ. ನಿನ್ನೆ ಅತ್ತೆ ಇದನ್ನು ಹೇಳುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಎದುರಿಗೆ ಕೂತು ಕಾಫಿ ಕುಡಿದು ಲೋಟ ತೊಳೆದಿಟ್ಟು ಬಂದೆ.

ಸಭಿಕರೇ, ಇಂಥ ಮೇಸ್ತ್ರಿ ಹಿಂದೆ ಹುಟ್ಟಿಲ್ಲ, ಮುಂದೆ...

ಭಾಷಣ ಸಾಕು ಮಾವ. ಆ ಗೆರೆ ನನ್ನದು. ಅವತ್ತು ಅರ್ಧ ಕೀಲುಗಳನ್ನು ನೀವು ಅಂಟಿಸಿ, ಉಳಿದವನ್ನು ನನಗೆ ಬಿಟ್ಟು ಮೇಲೆ ಟ್ಯಾಂಕಿನ ಹತ್ತಿರ ಹೋದಿರಿ. ಬೇಗ ಮುಗಿಯಲಿ ಎಂದು ಅಂಟು ಹಚ್ಚುವ ಮೊದಲೇ ಎಲ್ಲಕ್ಕೂ ಗೆರೆ ಎಳೆದುಬಿಟ್ಟೆ. ಅದೊಂದಕ್ಕೆ ಹಚ್ಚುವುದು ಮರೆತೆ. ನೀವು ತಪ್ಪು ಹೊತ್ತುಕೊಂಡಾಗ ಪಕ್ಕದಲ್ಲೇ ತೆಪ್ಪಗೆ ನಿಂತಿದ್ದೆ. ಟೀಚರಮ್ಮನಿಗೆ ಬೆಳಿಗ್ಗೆ ಹೇಳಿ ಬಂದಿದ್ದೇನೆ. ಗೆರೆ ನೋಡಿ ಅದೂ ನಿಮ್ಮದೇ ಅಂದುಕೊಂಡಿರಿ ಅಷ್ಟೇ, ನಿಮ್ಮ ತಲೆಗೆ ಏನೂ ಆಗಿಲ್ಲ.

ನಿಮ್ಮ ನೆನಪು ನೂರು ಕಾಲ ಗಟ್ಟಿಯಾಗಿರಲಿ. ಬೈಯುವುದಕ್ಕಾದರೂ ನಮ್ಮ ಮನೆಗೆ ಬನ್ನಿ, ಒಬ್ಬರೇ ನಡೆದು ಬನ್ನಿ.

ನಿಮ್ಮ ಅಕ್ಕನ ಮಗ