ಸೂಜಿಮೆಣಸಿನ ಗಿಡಕ್ಕೆ ಕತ್ತರಿ ಹಾಕಿದೆ, ಅತ್ತೆಮ್ಮ

ಅತ್ತೆಮ್ಮ,

ಕ್ಷೇಮಸಮಾಚಾರ ಕೇಳುವಷ್ಟೂ ತಾಳ್ಮೆ ಇಲ್ಲ, ಮೊದಲು ಹೇಳಿಬಿಡುತ್ತೇನೆ. ನಿಮ್ಮ ಸೂಜಿಮೆಣಸಿನ ಗಿಡ ಬದುಕಿದೆ! ಬದುಕಿರುವುದಷ್ಟೇ ಅಲ್ಲ, ಮೈತುಂಬ ಕಾಯಿ ಬಿಟ್ಟಿದೆ. ಇವತ್ತು ನಿಮ್ಮ ವರ್ಷದ ಎಡೆಗೆ ಅದೇ ಕಾಯಿಯ ಹಸಿಖಾರ ಇಟ್ಟೆ. ರುಚಿ ಸರಿಯಿತ್ತಾ? ಉಪ್ಪು ಹೆಚ್ಚಾಯಿತೇನೋ ಅಂತ ಆಗಿನಿಂದ ಒಂದೇ ಚಿಂತೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಬರೆದದ್ದರಲ್ಲಿ ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ.

ನಾನು ಮದುವೆಯಾಗಿ ದಾವಣಗೆರೆಗೆ ಬಂದ ಹೊಸತು. ಮಾಳಿಗೆಯ ಮೇಲೆ ನೀವು ಆ ಒಡೆದ ಡ್ರಮ್ಮಿನ ಪಕ್ಕ ಕೂತು ಅದರಲ್ಲಿನ ಹಸಿರು ಗಿಡವನ್ನು ಕಚಕಚ ಕತ್ತರಿಸುತ್ತಿದ್ದಿರಿ. ನಾನು ಕಿರುಚಿಕೊಂಡದ್ದು ನೆನಪಿದೆಯಾ? ಮೆಣಸಿನ ಗಿಡ ಅಂದರೆ ಕಾಯಿ ಮುಗಿದ ಮೇಲೆ ಕಿತ್ತುಹಾಕುವುದು ಅಂತಲೇ ನಾನು ತಿಳಿದಿದ್ದು. ನೀವು ನಕ್ಕುಬಿಟ್ಟಿರಿ. "ಏ ಹುಚ್ಚಿ, ಇದು ಕೊಕ್ಕನೂರಾಗ ನಮ್ಮವ್ವನ ಹಿತ್ತಲದ ಬೀಜ. ವರ್ಷವರ್ಷ ಬಾಳ್ತೈತೆ. ಚಳಿ ಮುಗಿಯೋ ಹೊತ್ತಿಗೆ ತಲಿ ಬೋಳಿಸ್ಬೇಕು. ಹಳೇ ಕೊಂಬಿ ಇಟ್ಕಂಡು ಕುಂತ್ರೆ ಹೊಸಾದು ಎಲ್ಲಿಂದ ಬರ್ತೈತೆ?"

ನೀವು ಹೋದಾಗ ಹರಿಹರದಿಂದ ನಿಮ್ಮ ತಂಗಿ, ನಮ್ಮ ಸಣ್ಣತ್ತೆ, ಬಂದಿದ್ದರಲ್ಲ. ಹೊರಡುವಾಗ ನನ್ನ ಕೈ ಹಿಡಿದು, "ನಾಗವ್ವ, ಅಕ್ಕ ಸಾಕಿದ ಗಿಡ ಅದು. ವರ್ಷ ತುಂಬೋತನಕ ಕತ್ತರಿ ತಾಗಿಸಬ್ಯಾಡ. ಒಣಗಿತು ಅಂದ್ರೆ ಮನಿಗೆ ಒಳ್ಳೇದಲ್ಲ" ಅಂದರು. ಗ್ಯಾಸ್ ಆರಿಸಿ ಬಂದು ಮತ್ತೆ ಹೋಗಿ ನೋಡುವ ನನ್ನಂಥವಳಿಗೆ ಇಂಥ ಮಾತು ಹೇಳಬಹುದಾ? ನೀವಿದ್ದಿದ್ದರೆ...

ಚಳಿ ಮುಗಿಯುತ್ತಾ ಬಂತು. ಎಲೆ ಮುದುರಿದವು, ಕೊಂಬೆ ಒಣಗತೊಡಗಿದವು. ನಿಮ್ಮಂತೆಯೇ ಹುಳಿ ಮಜ್ಜಿಗೆ ಚಿಮುಕಿಸಿದೆ, ಬೂದಿ ಉದುರಿಸಿದೆ. ಊಹೂಂ. ಕತ್ತರಿಸಿದರೆ ಸಣ್ಣತ್ತೆಯ ಮಾತು ಮೀರಿದಂತೆ. ಬಿಟ್ಟರೆ ಗಿಡವೇ ಹೋಗುತ್ತದೆ, ಅದೊಂದೇ ಅಲ್ಲವಾ ನೀವು ದಿನಾ ಮುಟ್ಟಿದ್ದು? ನಿಮ್ಮ ಮಗನಿಗೆ ನನ್ನ ಗೊಣಗಾಟ ಕೇಳಿ ಸಾಕಾಗಿ, "ಗಿಡಕ್ಕೇನು ಕ್ಯಾಲೆಂಡರ್ ಓದಾಕ ಬರ್ತೈತಾ? ಕತ್ತರಿಸು ಮಾರಾಯ್ತಿ, ಇಲ್ಲಾ ನನ್ನ ಪಾಡಿಗೆ ನನ್ನ ಬಿಡು" ಅಂದರು.

ಒಂದು ಬೆಳಿಗ್ಗೆ ನಿಮ್ಮದೇ ಕತ್ತರಿ ತೊಳೆದು ಒರೆಸಿ, ನಿಮ್ಮ ಹೆಸರು ಹೇಳಿ ಕತ್ತರಿಸಿಯೇಬಿಟ್ಟೆ! ಉಳಿದದ್ದು ನಾಲ್ಕು ಕಡ್ಡಿ. ಮೇಲಿನ ಮಣ್ಣು ಕೆದರಿ ಗೊಬ್ಬರ ಹಾಕಿದೆ. ಆಮೇಲೆ ಯಾರ ಕಣ್ಣಿಗೂ ಬೀಳದಿರಲಿ ಎಂದು ಡ್ರಮ್ಮನ್ನು ನೀರಿನ ಟ್ಯಾಂಕಿನ ಮರೆಗೆ ನೂಕಿದೆ. ಸಣ್ಣತ್ತೆ ಫೋನ್ ಮಾಡಿ "ಗಿಡ ಹೆಂಗೈತೆ?" ಅಂದರೆ "ಐತ್ರಿ" ಅನ್ನುತ್ತಿದ್ದೆ. ಸುಳ್ಳಲ್ಲವಲ್ಲ?

ಯುಗಾದಿಗೆ ಮಾವಿನೆಲೆ ಕಟ್ಟಿ ಮೇಲೆ ಹೋದವಳು ನೋಡುತ್ತೇನೆ, ಕಡ್ಡಿಯ ಗೆಣ್ಣಿನಲ್ಲಿ ಸಾಸಿವೆ ಕಾಳಿನಷ್ಟು ಹಸಿರು! ಬೇವು-ಬೆಲ್ಲದ ಕೈಯಲ್ಲೇ ಮೆಟ್ಟಿಲಿಳಿದು ಕೂಗಿದೆ. ನಿಮ್ಮ ಮಗ ಸಿಲಿಂಡರಿಗೇ ಏನೋ ಆಯಿತೆಂದು ಬನಿಯನ್ನಿನಲ್ಲೇ ಬೀದಿಗೆ ಓಡಿದ್ದರು.

ಇವತ್ತು ಸಣ್ಣತ್ತೆ ಹರಿಹರದಿಂದ ಬಂದರು. ಎಡೆ ಮುಗಿದದ್ದೇ ನೇರ ಮಾಳಿಗೆಗೆ. ಹಿಂದೆ ನಾನು. ಅವರು ಟ್ಯಾಂಕಿನ ಮರೆಗೆ ಬಗ್ಗಿ ಎಲೆ ಸರಿಸಿ, ಕಡ್ಡಿಯಲ್ಲಿ ಕತ್ತರಿಸಿದ ಗುರುತಿನ ಮೇಲೆ ಬೆರಳಾಡಿಸಿದರು.

"ಕತ್ತರಿಸೀಯ."

ಅಂದು ಕಡ್ಡಿಗೆ ಗೇಣು ಹಿಡಿದು ಅಳೆದರು.

"ಅಕ್ಕ ಒಂದು ಗೇಣಿಗೆ ಕತ್ತರಿಸ್ತಿದ್ಲು. ನೀನು ಎರಡು ಗೇಣು ಬಿಟ್ಟೀಯ. ಹೆದ್ರಿಕೆಂಡು ಕತ್ತರಿಸೀಯೇನು?"

"ಹೂಂ ರೀ ಸಣ್ಣತ್ತೆ. ನೀವು ಬ್ಯಾಡ ಅಂದಿದ್ರಲ್ಲ..."

"ನಾನು ಅಂದೆ. ಗಿಡ ನೋಡ್ಕಣೋಳು ನೀನಲ್ಲೇನ? ನನ್ನ ಮಾತು ಮೀರಿದ ಮ್ಯಾಲೆ ಸರಿಯಾಗರ ಮೀರಬಾರ್ದಾ!" ಅಂದು, ಹಣ್ಣಾದ ಕಾಯಿಗಳನ್ನು ಬಿಡಿಸಿ ಸೆರಗಿಗೆ ಗಂಟು ಹಾಕಿಕೊಂಡರು. ಹರಿಹರದಲ್ಲಿ ಬೀಜ ಹಾಕುತ್ತಾರಂತೆ.

ಡ್ರಮ್ಮನ್ನು ಈಗಷ್ಟೇ ಟ್ಯಾಂಕಿನ ಮರೆಯಿಂದ ನಿಮ್ಮ ಜಾಗಕ್ಕೆ ಎಳೆದು ಬಂದೆ, ಸೊಂಟ ಹಿಡಿದಿದೆ. ಅಲ್ಲಿ ಬಿಸಿಲು ಹೆಚ್ಚಾದೀತಾ ಅಂತ ಬೇರೆ... ಇರಲಿ, ನೋಡಿಕೊಳ್ಳುತ್ತೇನೆ. ಈ ಸಲ ಚಳಿ ಮುಗಿಯುವಾಗ ಯಾರನ್ನೂ ಕೇಳುವುದಿಲ್ಲ ಅತ್ತೆಮ್ಮ. ಒಂದೇ ಗೇಣು ಬಿಡುತ್ತೇನೆ.

ನಿಮ್ಮ ಸೊಸೆ,
ನಾಗವ್ವ