ಲಾರಿಯ ಹಿಂದಿನ ಗೆಲಾಕ್ಸಿ

ಶಿರಸಿ,
೧೧ ಫೆಬ್ರುವರಿ ೨೦೨೫

ಯಲ್ಲಾಪುರದಲ್ಲಿರುವ ನನ್ನ ಯಜಮಾನರು, ಲಾರಿ ಮಾಲೀಕರು ಜಹೀರ್ ಅವರಿಗೆ ಸಾಮಿಯಾಳ ಸಲಾಂ.

ರಾಜಿಗೆ ಬರೆದಳು ಎಂದು ಸಂಭ್ರಮಪಡಬೇಡಿ, ತಪ್ಪು ತಿದ್ದಲು ಬರೆಯುತ್ತಿದ್ದೇನೆ. ನಿನ್ನೆ ನಮ್ಮ ಕಾಲೇಜಿನ ಎದುರು ನಿಂತಿದ್ದ ನಿಮ್ಮ ಲಾರಿಯ ಹಿಂಬದಿಯಲ್ಲಿ, ನಾನು ಇಷ್ಟು ವರ್ಷ ಅಭ್ಯಾಸ ಮಾಡುತ್ತಿರುವ ಸುರುಳಿ ಗೆಲಾಕ್ಸಿಯನ್ನು ಕಂಡು ತಲೆ ಚಚ್ಚಿಕೊಂಡೆ. ಅಡುಗೆಮನೆ ಗೋಡೆಗೆ ನಾನು ಅಂಟಿಸಿದ್ದ ಫೋಟೋ ಕಿತ್ತು ಇಲ್ಲಿನ ಪೇಂಟರ್ ಹಯಾತ್ ಚಾಚಾಗೆ ಕೊಟ್ಟಿರಿ, ಅಲ್ಲವೇ?

ಅದರ ನಡುಭಾಗ ಹಳದಿ, ಅಲ್ಲಿರುವುದು ಮುದಿ ನಕ್ಷತ್ರಗಳು. ತೋಳುಗಳು ನೀಲಿ, ಅಲ್ಲಿ ಹೊಸವು ಹುಟ್ಟುತ್ತಿವೆ. ನೀವು ಎಲ್ಲಕ್ಕೂ ಬಾಗಿಲಿಗೆ ಬಳಿದು ಉಳಿದ ಹಸಿರು ಬಳಿಸಿದ್ದೀರಿ. ಪಕ್ಕದಲ್ಲಿ ಒಬ್ಬ ಚಂದ್ರನನ್ನೂ ಬರೆಸಿದ್ದೀರಿ; ಮೂವತ್ತು ಕೋಟಿ ಜ್ಯೋತಿರ್ವರ್ಷ ಆಚೆ ನಮ್ಮ ಚಂದ್ರ ಹೇಗೆ ಹೋದ? ಕೆಳಗೆ ‘ಅಂತರ ಕಾಯ್ದುಕೊಳ್ಳಿ’ ಎಂಬ ಉಪದೇಶ ಬೇರೆ. ಹೋಗಲಿ ಎಂದರೆ, ತೋಳುಗಳು ಉಲ್ಟಾ ಸುತ್ತಿವೆ! ಚಾಚಾರನ್ನೇ ಹೋಗಿ ಕೇಳಿದೆ. ಚಿತ್ರದ ಅಚ್ಚು ಇಳಿಸಲು ಗೆರೆಯುದ್ದಕ್ಕೂ ತೂತು ಚುಚ್ಚಿ ಸುಣ್ಣದ ಪುಡಿ ಒರೆಸುತ್ತಾರಲ್ಲ, ಆ ಕಾಗದವನ್ನು ಮಗುಚಿ ಹಿಡಿದಿದ್ದರಂತೆ. ‘ಚಕ್ಲಿ ಎತ್ಲಾಗೆ ಸುತ್ತಿದ್ರೆಂತ ಮೇಡಂ, ರುಚಿ ಒಂದೇ ಅಲ್ದಾ’ ಎಂದರು. ಈಗ ಪೇಟೆಯೆಲ್ಲ ಅದನ್ನು ಚಕ್ಲಿ ಗಾಡಿ ಎನ್ನುತ್ತಿದೆ, ನನ್ನ ವಿದ್ಯಾರ್ಥಿಗಳೂ ಸಹ.

ನಿಮ್ಮ ತಂಗಿ ನಗ್ಮಾಳ ಮದುವೆ ಊಟದಲ್ಲಿ ಬೀಗರು, ನಿಮ್ಮ ಹೆಂಡತಿ ಏನು ಮಾಡುತ್ತಾಳೆ ಎಂದು ಕೇಳಿದಾಗ ‘ಇಲ್ಲದ ಹೊಲದ ಗಡಿ ಅಳೀತಾಳೆ’ ಎಂದವರು ನೀವು. ಎಲ್ಲರೂ ನಕ್ಕಿದ್ದು ಪರದೆಯ ಈಚೆ ಬಡಿಸುತ್ತಿದ್ದ ನನಗೆ ಕೇಳಿಸಿತು. ಅವಮಾನದಿಂದ ಸತ್ತೇ ಹೋದೆ. ಮರುದಿನ ತವರಿಗೆ ಬಂದವಳಿಗೆ ನಿಮ್ಮಿಂದ ಒಂದು ಫೋನಿಲ್ಲ, ಲಾರಿಗೆ ಮಾತ್ರ ಬಣ್ಣ! ತಪ್ಪಾಯಿತು ಎನ್ನಲು ಬಾಯಿ ಸಾಕು, ಪೇಂಟರ್ ಬೇಕಿಲ್ಲ.

ಚಿತ್ರವನ್ನು ಸರಿಪಡಿಸಿ, ಇಲ್ಲವೇ ಅಳಿಸಿ. ನಿಮ್ಮ ಅಮ್ಮಿಗೆ ಮಂಡಿನೋವಿನ ಎಣ್ಣೆ ಹಚ್ಚಲು ಮರೆಯಬೇಡಿ.

ಇನ್ನೂ ಸಿಟ್ಟಿಳಿಯದ,
ಸಾಮಿಯಾ

ತಾ.ಕ.: ಇದನ್ನು ಅಂಚೆಗೆ ಹಾಕಲು ಹೊರಟಾಗ ನಿಮ್ಮ ಲಾರಿ ಎದುರಿಗೆ ಬಂದು ಹಾದುಹೋಯಿತು. ನೀವು ನನ್ನನ್ನು ನೋಡಲಿಲ್ಲ. ಸ್ಕೂಟಿಯ ಕನ್ನಡಿಯಲ್ಲಿ ನೋಡಿದರೆ ಸುರುಳಿ ಸರಿಯಾಗಿಯೇ ಸುತ್ತಿತ್ತು, ಫೋಟೋದಲ್ಲಿದ್ದ ಹಾಗೆಯೇ. ಆದರೆ ದೂರ ಹೋಗುತ್ತಿತ್ತು. ಆಕಾಶದಲ್ಲಿರುವುದೂ ನಮ್ಮಿಂದ ದೂರ ಹೋಗುತ್ತಲೇ ಇದೆ, ಅದರ ಬೆಳಕು ಕೆಂಪಿನತ್ತ ಸರಿದಿರುವುದರಿಂದ ಗೊತ್ತು. ಅದನ್ನು ನಿಲ್ಲಿಸುವುದು ನನ್ನಿಂದಾಗದು. ಚಿತ್ರ ಮುಟ್ಟಬೇಡಿ, ಕೆಳಗಿನ ಆ ಉಪದೇಶ ಮಾತ್ರ ಅಳಿಸಿ. ಭಾನುವಾರ ಶಿರಸಿಗೆ ಬರುವಾಗ ನಿಮ್ಮ ಪಕ್ಕದ ಸೀಟು ಖಾಲಿ ಇರಲಿ.