ಹಸಿರು ಬಟ್ಟೆ ಕೊಟ್ಟವನು ಅವನೇ

ಅಕ್ಕಾ,

ನೀನು ಕೇಳಿದ್ದು ನಾಲ್ಕು ಸಾಲಿನ ಕ್ಷಮಾಪಣೆ. ಅದನ್ನೂ ನೀನೇ ಬರೆದು, ನನ್ನ ಸಹಿಗೆ ಜಾಗ ಬಿಟ್ಟು, ಜವಾನನ ಕೈಯಲ್ಲಿ ಕಳಿಸಿದ್ದೀಯ. ಎರಡು ಸಲ ಓದಿದೆ. ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ಅದರ ಬದಲು ಈ ಕಾಗದ ಬರೆಯುತ್ತಿದ್ದೇನೆ. ಇದು ನಾಲ್ಕು ಸಾಲಿಗೆ ಮುಗಿಯುವಂಥದ್ದಲ್ಲ, ಮುಖ್ಯೋಪಾಧ್ಯಾಯಿನಿಯವರು ಸ್ವಲ್ಪ ಪುರುಸೊತ್ತು ಮಾಡಿಕೊಳ್ಳಬೇಕು.

ಶನಿವಾರದ ಮಧ್ಯಾಹ್ನ, ಏಳನೆಯ ತರಗತಿಯ ಖಾಲಿ ಕೋಣೆಯಲ್ಲಿ ಕೂತಿದ್ದೇನೆ. ಗೋಡೆಗೆ ಒತ್ತರಿಸಿಟ್ಟ ಬೆಂಚುಗಳು ಹಾಗೇ ಇವೆ. 'ಇದು ಪಾಠದ ಕೋಣೆಯೋ ಕುಸ್ತಿಯ ಕಣವೋ?' ಎಂದು ನೀನು ಬಾಗಿಲಲ್ಲಿ ನಿಂತು ಕೇಳಿದ್ದೆಯಲ್ಲ, ಅದಕ್ಕೆ ಅಂದು ನಾನು ಸುಮ್ಮನೆ ನಕ್ಕಿದ್ದೆ. ಈಗ ಉತ್ತರ ಕೊಡುತ್ತೇನೆ, ಕೇಳು.

ಚಾಡಿಮಾತು ನಂಬಿ ಸ್ವಂತ ಮಗನನ್ನೇ ರಾಜ್ಯದಿಂದ ಓಡಿಸುವ ರಾಜನ ಆ ಹಳೆಯ ನಾಟಕವನ್ನು ಈ ವರ್ಷವೂ ಮೊದಲು ನಿನ್ನ ಹಾಗೇ ಕೂರಿಸಿ ಓದಿಸಿದೆ. ಒಂದೊಂದು ವಾಕ್ಯವೂ ಅರ್ಧ ಪುಟ. ಮಕ್ಕಳು ಆಕಳಿಸಿದರು, ನಿಜ ಹೇಳಬೇಕೆಂದರೆ ನಾನೂ ಆಕಳಿಸಿದೆ. ಮರುದಿನ ಬೆಂಚು ಸರಿಸಿ, 'ಮಾತು ಹೇಳ್ತಾ ಬಾಗಿಲಿಂದ ಕರಿಹಲಗೆವರೆಗೂ ನಡೀರಿ, ಉಸಿರು ಸಾಲದ ಕಡೆ ನಿಂತ್ಕೊಳ್ಳಿ' ಎಂದೆ. ಮೂರೇ ದಿನ, ಆ ಉದ್ದುದ್ದ ವಾಕ್ಯ ಎಲ್ಲಿ ತಿರುಗುತ್ತದೆ, ಎಲ್ಲಿ ನಿಲ್ಲುತ್ತದೆ ಎನ್ನುವುದು ಅವರ ಕಾಲಿಗೆ ಗೊತ್ತಾಗಿಹೋಯಿತು. ಮಂತ್ರಿ ಸುಳ್ಳು ಹೇಳುವ ಕಡೆ ಬಂದಾಗ ಒಬ್ಬೊಬ್ಬರಾಗಿ ಎಲ್ಲರೂ ಕರಿಹಲಗೆಯ ಕಡೆ ಮುಖ ಮಾಡಿ ನಿಂತರು. ಯಾಕೆಂದು ಕೇಳಿದರೆ, 'ರಾಜನ ಮುಖ ನೋಡ್ಕೊಂಡು ಇದನ್ನ ಹೇಳೋಕಾಗಲ್ಲ ಟೀಚರ್' ಎಂದರು. ನಿನ್ನ ಪ್ರಶ್ನೋತ್ತರದ ಗೈಡಿನಲ್ಲಿ ಇದು ಯಾವ ಪುಟದಲ್ಲಿದೆ, ತೋರಿಸು ನೋಡೋಣ.

ಮತ್ತೆ ಆ ಬಟ್ಟೆಯ ವಿಚಾರ. ಶಿಕ್ಷಕರ ಕೋಣೆಯ ಮೇಜಿನ ಮೇಲಿದ್ದ ಹಸಿರು ಬಟ್ಟೆಯನ್ನು ಕದ್ದವಳು ನಾನೇ, ಒಪ್ಪಿದೆ. ನಮ್ಮ ತರಗತಿಯಲ್ಲಿದ್ದದ್ದು ಒಂದೇ ನಿಯಮ: ಬಟ್ಟೆ ಹೊದ್ದವರು ರಾಜ. ದೃಶ್ಯ ಮುಗಿದ ಕೂಡಲೇ ಅದನ್ನು ತೆಗೆದು ಎರಡೂ ಕೈಯಲ್ಲಿ ಇನ್ನೊಬ್ಬರಿಗೆ ಕೊಡಬೇಕು, ಅವರ ಪಾತ್ರ ತಾನು ತೆಗೆದುಕೊಳ್ಳಬೇಕು. ಯಾರ ಹೆಗಲಿಗೆ ಯಾವಾಗ ಬಂದು ಬೀಳುತ್ತದೋ ಗೊತ್ತಿಲ್ಲದ ಮೇಲೆ ಮೂವತ್ತೊಂದು ಮಕ್ಕಳೂ ಪೂರ್ತಿ ನಾಟಕ ಕಲಿಯಲೇಬೇಕು. ಈ ಉಪಾಯ ನನಗೆ ಹೊಳೆದದ್ದು ಯಾವ ತರಬೇತಿಯಲ್ಲೂ ಅಲ್ಲ. ಚಿಕ್ಕವರಿದ್ದಾಗ ನೀನು ಅಮ್ಮನ ಹಾಸಿಗೆ ಹೊದಿಕೆ ಸುತ್ತಿಕೊಂಡು ಸದಾ ರಾಣಿ, ನಾನು ಸದಾ ಪೊರಕೆ ಹಿಡಿದು ಬಾಗಿಲು ಕಾಯುವವಳು. ಒಂದು ಸಲ, ಒಂದೇ ಒಂದು ಸಲ ಕೊಡೇ ಎಂದು ಎಷ್ಟು ಗೋಗರೆದಿದ್ದೆ. ನೀನು ಕೊಡಲಿಲ್ಲ. ಆ ಸಿಟ್ಟು ಇನ್ನೂ ಇದೆ, ಅದರಿಂದ ಮೂವತ್ತೊಂದು ಮಕ್ಕಳಿಗೆ ಉಪಕಾರವೇ ಆಯಿತು.

ಪಿಳಿಪಿಳಿಗಂತೂ ಆಯಿತು. ಕಸ ಗುಡಿಸುವವಳ ಮಗಳು, ಮಾತಾಡಿಸಿದರೆ ಕಣ್ಣು ಪಿಳಿಪಿಳಿ ಬಿಡುತ್ತಾಳೆಂದು ಮಕ್ಕಳೇ ಇಟ್ಟ ಹೆಸರು. ಪುಸ್ತಕ ಹಿಡಿದರೆ ಇವತ್ತಿಗೂ ತಡವರಿಸುತ್ತಾಳೆ. ಆದರೆ ಕಿವಿಗೆ ಬಿದ್ದದ್ದನ್ನು ಬಿಡುವ ಪೈಕಿಯಲ್ಲ. ಬಟ್ಟೆ ಮೊದಲ ಸಲ ಅವಳ ಕೈಗೆ ಬಂದ ದಿನ ಮಗನನ್ನು ಓಡಿಸುವ ಮಾತನ್ನು ಎಲ್ಲೂ ತಡವರಿಸದೆ ಹೇಳಿದಳು. ಮುಗಿಸಿದ ಮೇಲೆ ನನ್ನ ಹತ್ತಿರ ಬಂದು, 'ಟೀಚರ್, ಓಡಿಸೋಕೆ ಮುಂಚೆ ರಾಜ ಮಗನನ್ನ ಒಂದು ಮಾತೂ ಕೇಳಲೇ ಇಲ್ವಲ್ಲ?' ಎಂದಳು. ಹದಿನಾಲ್ಕು ವರ್ಷದಿಂದ ಆ ನಾಟಕ ಪಾಠ ಮಾಡುತ್ತಿದ್ದೇನೆ, ನನಗೆ ಹೊಳೆದಿರಲಿಲ್ಲ.

ನಿನ್ನೆ ಸಭಾಂಗಣದಲ್ಲಿ ನಡೆದ ಪ್ರದರ್ಶನಕ್ಕೆ ಒಬ್ಬನೇ ರಾಜ, ಅದೂ ಆಡಳಿತ ಮಂಡಳಿಯ ಅಧ್ಯಕ್ಷರ ಮೊಮ್ಮಗನೇ ಆಗಬೇಕೆಂದು ನೀನು ಹೇಳಿದೆ. ನಾನು ಒಪ್ಪಿದೆ. ಇಡೀ ಪ್ರಕರಣದಲ್ಲಿ ನಾನು ನಾಚಿಕೆಪಡುವುದು ಇದೊಂದಕ್ಕೆ. 'ಈ ಸಲ ಬಟ್ಟೆ ಯಾರಿಗೂ ಕೊಡಬೇಡ ಕಣೋ' ಎಂದು ಹುಡುಗನಿಗೆ ಮೂರು ಸಲ ಹೇಳಿದ್ದೆ, ಅವನೂ ತಲೆಯಾಡಿಸಿದ್ದ. ಆದರೆ ಎರಡನೆಯ ದೃಶ್ಯ ಮುಗಿಯುತ್ತಲೇ ಅವನ ಕೈ ತನ್ನ ಅಭ್ಯಾಸದ ಕೆಲಸ ಮಾಡಿತು. ಹಸಿರು ಬಟ್ಟೆ ತೆಗೆದ, ಪಕ್ಕದಲ್ಲಿ ಕಾವಲಿಗೆ ನಿಂತಿದ್ದ ಪಿಳಿಪಿಳಿಗೆ ಎರಡೂ ಕೈಯಲ್ಲಿ ಕೊಟ್ಟ. ಅವಳ ಭರ್ಜಿ ಇಸಿದುಕೊಂಡು ಅವಳ ಜಾಗದಲ್ಲಿ ನೆಟ್ಟಗೆ ನಿಂತ. ಅವಳು ಹೊದ್ದುಕೊಂಡು ಮೂರನೆಯ ದೃಶ್ಯ ಶುರು ಮಾಡಿದಳು. ಒಂದಕ್ಷರ ತಪ್ಪಲಿಲ್ಲ. ಸಭೆ ಚಪ್ಪಾಳೆ ತಟ್ಟಿತು, ಅಧ್ಯಕ್ಷರು ಎದ್ದು ಹೋದರು.

ಈಗ ನಿನ್ನ ನಾಲ್ಕು ಸಾಲು ಏನು ಹೇಳುತ್ತದೆ? 'ವಿದ್ಯಾರ್ಥಿನಿಯು ಬಟ್ಟೆಯನ್ನು ಕಿತ್ತುಕೊಂಡಿದ್ದು ನನ್ನ ಗಮನಕ್ಕೆ ಬಂದಿರುತ್ತದೆ.' ಅದಕ್ಕಾಗಿ ಅವಳನ್ನು ಶಾಲೆಯಿಂದ ಬಿಡಿಸುವುದು, ನನ್ನ ಕೆಲಸ ಉಳಿಸುವುದು. ಎಷ್ಟು ಸಲೀಸು ನೋಡು. ಅಧ್ಯಕ್ಷರ ಮನೆಯ ಹುಡುಗ ಕಾವಲುಗಾರನಾದ ಅವಮಾನ ತೊಳೆಯಲು ಹನ್ನೆರಡು ವರ್ಷದ ಹುಡುಗಿಯ ತಲೆ ಮೇಲೆ ಗೂಬೆ ಕೂರಿಸಬೇಕು. ಅವಳನ್ನು ನೀನೂ ಒಂದು ಮಾತು ಕೇಳಲಿಲ್ಲ. ಅವಳಮ್ಮ ಬೆಳಗ್ಗಿನಿಂದ ಗುಡಿಸಿದ ಸಭಾಂಗಣವನ್ನೇ ಮತ್ತೆ ಮತ್ತೆ ಗುಡಿಸುತ್ತಿದ್ದಾಳೆ, ಯಾರ ಮುಖವನ್ನೂ ನೋಡುತ್ತಿಲ್ಲ.

'ನಿನಗೇನಮ್ಮಾ, ಈ ಶಾಲೆ ನಡೆಸಬೇಕಾದವಳು ನಾನು' ಎನ್ನುತ್ತೀಯ. ಗೊತ್ತು. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವಳು ನೀನು, ಈ ಕೆಲಸಕ್ಕೆ ಸೇರಿಸಿದವಳೂ ನೀನು. ಅದನ್ನು ಸಾಯುವವರೆಗೂ ಮರೆಯುವುದಿಲ್ಲ. ಆದರೆ ಆ ಋಣ ನನ್ನದು, ಪಿಳಿಪಿಳಿ ಯಾಕೆ ತೀರಿಸಬೇಕು? ಕೆಲಸ ಹೋದರೆ ಹೋಗಲಿ. ನಿಮ್ಮ ಗೇಟಿನಾಚೆ ಮರದ ಕೆಳಗೆ ನಿಂತು ಇದೇ ನಾಟಕ ಕಲಿಸುತ್ತೇನೆ, ನೀನು ಕಿಟಕಿ ಹಾಕಿಕೋ.

ಸೋಮವಾರ ಹತ್ತು ಗಂಟೆಗೆ ಮಂಡಳಿ ಸೇರುತ್ತದೆ. ನಾನು ಬರುತ್ತೇನೆ. ನಿಯಮ ನನ್ನದು, ಕೊಟ್ಟವನು ಹುಡುಗ, ತೆಗೆದುಕೊಂಡು ನಾಟಕ ನಿಲ್ಲದ ಹಾಗೆ ನೋಡಿಕೊಂಡವಳು ಹುಡುಗಿ ಎಂದು ಎಲ್ಲರ ಮುಂದೆ ಹೇಳುತ್ತೇನೆ. ನೀನು ಯಾವಾಗಲೂ ಮಾಡುವ ಹಾಗೆ ಅಡ್ಡಗೋಡೆಯ ಮೇಲೆ ದೀಪ ಇಡಲು ಅಲ್ಲಿ ಆಗುವುದಿಲ್ಲ. ಯಾಕೆಂದರೆ ಪರದೆಯ ಹಗ್ಗದ ಹತ್ತಿರ ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ. ನನ್ನ ತೋಳು ಹಿಡಿದುಕೊಂಡು 'ಅಯ್ಯೋ, ಕೊಟ್ಟೇಬಿಟ್ಟನಲ್ಲೇ' ಎಂದೆ. ಕಿತ್ತುಕೊಂಡಳು ಎನ್ನಲಿಲ್ಲ ಅಕ್ಕಾ, ನೀನು ಕಂಡದ್ದನ್ನೇ ಹೇಳಿದೆ.

ಒಂದು ಗಂಟೆಯ ಹಿಂದೆ ಆ ಹುಡುಗ ಇಲ್ಲಿಗೆ ಬಂದಿದ್ದ. 'ಕಿತ್ಕೊಂಡಳು ಅಂತ ಹೇಳು ಅಂತ ಅಜ್ಜ ಅಂದಿದ್ದಾರೆ. ನಾನೇನು ಹೇಳ್ಲಿ ಟೀಚರ್?' ಎಂದು ಕೇಳಿದ. 'ನಾಟಕದ ಮಾತಾದರೆ ಹೇಳಿಕೊಡ್ತಿದ್ದೆ, ಇದು ನೀನೇ ಹೇಳಬೇಕಾದದ್ದು ಕಣೋ' ಎಂದೆ. ಅವನು ಬೆಂಚಿನ ಅಂಚು ಕೆರೆದ. 'ನಾನೇ ಕೊಟ್ಟೆ ಅಂತೀನಿ. ಬೈದರೆ ಬೈಸ್ಕೋತೀನಿ' ಎಂದ. ಬಾಗಿಲವರೆಗೆ ಹೋಗಿ ತಿರುಗಿದ. 'ಹೆಡ್‌ಮೇಡಂ ಅಲ್ಲೇ ನಿಂತು ನೋಡ್ತಿದ್ರಲ್ಲ ಟೀಚರ್, ಅವರು ಏನು ಹೇಳ್ತಾರೆ?'

ನನಗೆ ಗೊತ್ತಿಲ್ಲ ಎಂದೆ. ನಿನ್ನ ಬಗ್ಗೆ ಹಾಗೆ ಹೇಳಬೇಕಾಗಿ ಬಂದದ್ದು ಇದೇ ಮೊದಲು.

ಸೋಮವಾರ ಅವನಿಗೆ ನೀನೇ ಉತ್ತರ ಕೊಡು. ಆ ಹೊತ್ತಿಗೆ ನಿನ್ನ ಗಂಟಲು ಗಟ್ಟಿಯಿರಲಿ, ಅಕ್ಕಾ.

ಸಹಿ ಹಾಕದ,
ನಿನ್ನ ತಂಗಿ